ಹಿಂದಿನ ಗಡಿಗೆಯ ಸದ್ದು

ಮನೆಯಿಂದ,
ಭಾನುವಾರ, ಊಟವಾದ ಮೇಲೆ

ಪ್ರೀತಿಯ ಮಗೂ,

ಹೇಗಿದ್ದೀಯ? ಹೋದ ಸಲ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿದ ಹಾಗಿತ್ತು. ಕೇಳಿದ್ದಕ್ಕೆ ನೆಗಡಿ ಅಂದೆ. ನೆಗಡಿಯೇ ಆಗಿದ್ದರೆ ಬಿಸಿನೀರಿನ ಹಬೆ ತಗೋಬೇಕಂತೆ, ಒದ್ದೆ ಕೂದಲಲ್ಲಿ ಕೆಲಸಕ್ಕೆ ಓಡಬಾರದಂತೆ. ಇದು ನಿನ್ನತ್ತೆಯ ಅಪ್ಪಣೆ, ನಾನು ಬರೀ ಗುಮಾಸ್ತ. ನಿಮ್ಮಣ್ಣ, ಅತ್ತಿಗೆ, ಮಕ್ಕಳು ಚೆನ್ನಾಗಿದ್ದಾರೆ ಅಂದುಕೊಂಡಿದ್ದೀನಿ. ನಾವಿಲ್ಲಿ ಚೆನ್ನಾಗಿದ್ದೀವಿ. ನಿನ್ನತ್ತೆಯ ಮಂಡಿ ಮೆಟ್ಟಿಲು ಕಂಡರೆ ಮಾತ್ರ ನೋಯುತ್ತೆ, ನಮ್ಮನೆಗಿರುವುದೇ ಮೂರು ಮೆಟ್ಟಿಲು, ಹಾಗಾಗಿ ಹೆಚ್ಚು ತೊಂದರೆ ಇಲ್ಲ. ನನ್ನ ಮಾತ್ರೆಗಳನ್ನು ತಪ್ಪದೆ ನುಂಗುತ್ತಿದ್ದೀನಿ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಹಿಡಿದರೆ ನಾವು ಮೂವರೂ ‘ಊಟ ಆಯ್ತಾ’, ‘ಆಯ್ತು’ ಅಂದುಬಿಟ್ಟು ಆಮೇಲೆ ಒಬ್ಬರ ಉಸಿರು ಒಬ್ಬರು ಕೇಳಿಕೊಂಡು ಕೂರುತ್ತೀವಿ. ಅದಕ್ಕೇ ಈ ಕಾಗದ. ಪ್ರೆಸ್ಸಿನಲ್ಲಿ ಜೀವಮಾನವೆಲ್ಲ ಬೇರೆಯವರು ಬರೆದದ್ದಕ್ಕೆ ಅಚ್ಚುಮೊಳೆ ಜೋಡಿಸಿದವನು ನಾನು. ಸ್ವಂತದ್ದು ಬರೆಯೋಕೆ ಕೂತರೆ ಕೈ ಇನ್ನೂ ಮೊಳೆಯ ಮನೆ ಹುಡುಕುತ್ತೆ. ಅಕ್ಷರ ಅಂಕುಡೊಂಕಾಗಿದ್ದರೆ ಸಹಿಸಿಕೋ.

‘ಕಾರು ಮಾರಿಬಿಡಿ ಮಾವ, ಅದು ಷೆಡ್ಡಿನಲ್ಲಿದೆ ಅಂತ ನೆನೆಸಿಕೊಂಡ್ರೂ ನಂಗೆ ಆಗಲ್ಲ’ ಅಂತ ನೀನು ನಿಮ್ಮಣ್ಣನ ಮನೆಗೆ ಹೊರಡುವ ದಿನ ಹೇಳಿದ್ದೆ. ಮಾರಿದ್ದಾಯಿತು. ಆದರೆ ಮಾರುವುದಕ್ಕೆ ಮುಂಚೆ ಒಂದು ದೊಡ್ಡ ಕೆಲಸವೇ ನಡೆಯಿತು. ಅದು ನಿನಗೆ ಗೊತ್ತಿರಬೇಕು. ಕನ್ನಡಕದ ಅಂಗಡಿಯಲ್ಲಿ ಗಿರಾಕಿಯ ಕಣ್ಣು ಪರೀಕ್ಷೆ ಮಾಡುತ್ತಾ ಮಾಡುತ್ತಾ ನಮ್ಮ ಹುಡುಗ ಎದೆ ಹಿಡಿದುಕೊಂಡು ಕೂತಲ್ಲೇ ಕುಸಿದನಲ್ಲ, ಆ ದಿನದಿಂದ ಈ ಬೇಸಿಗೆಯವರೆಗೂ, ವರ್ಷದ ಮೇಲಾಯಿತು, ಕಾರು ಷೆಡ್ಡಿನಿಂದ ಆಚೆ ಬಂದಿರಲಿಲ್ಲ. ಅವನಿಗಿಂತ ವಯಸ್ಸಾದ ಕಾರು. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡ ಹಾಗಿನ ಎತ್ತರ. ನಿನ್ನತ್ತೆ ಅದಕ್ಕೆ ‘ಚಪ್ಪಲಿ’ ಅಂತ ಹೆಸರಿಟ್ಟಿದ್ದು ನಿನಗೆ ನೆನಪಿದೆ ತಾನೆ? ‘ಇನ್ನೊಂದು ಕಾಲಿಂದು ಎಲ್ಲೋ, ಜೋಡಿ ತರಲಿಲ್ವಾ’ ಅಂತ ಅವನು ತಂದ ದಿನವೇ ಕೇಳಿದ್ದಳು. ತುಕ್ಕಿನ ಮುದ್ದೆಯಾಗಿ ಬಂದದ್ದನ್ನು ಅವನು ಭಾನುವಾರ ಭಾನುವಾರ ಕೂತು ಕಾರು ಮಾಡಿದ. ಲೆನ್ಸು ಒರೆಸುವ ಬಟ್ಟೆಯಲ್ಲೇ ಅದರ ಮೀಟರಿನ ಗಾಜೂ ಒರೆಸುತ್ತಿದ್ದ.

ಕೊಳ್ಳುವುದಕ್ಕೆ ಬಂದವರು ಹಲ್ಲಿನ ಡಾಕ್ಟರು, ಒಳ್ಳೆಯ ಮನುಷ್ಯ. ಬ್ಯಾಟರಿ ಹೊಸದು ಹಾಕಿಸಿದ್ದೆ, ಕಾರು ಸ್ಟಾರ್ಟ್ ಆಯಿತು. ಒಂದು ಸುತ್ತು ಹೋಗಿ ಬಂದು, ಇಳಿದು, ‘ಮುಖ ಚೆನ್ನಾಗಿದೆ, ಹೃದಯಾನೂ ಚೆನ್ನಾಗಿದೆ, ಆದ್ರೆ ಹಿಂದುಗಡೆ ಏನೋ ಊಳಿಡ್ತಿದೆಯಲ್ಲ ಸಾರ್’ ಅಂದರು. ಅವರು ಇಂಜಿನ್ನಿಗೆ ಹೃದಯ ಅಂದದ್ದು. ನಿನ್ನತ್ತೆ ಕಾಫಿ ಲೋಟ ತರುತ್ತೀನಿ ಅಂತ ಒಳಗೆ ಹೋದವಳು ಬೇಗ ಬರಲಿಲ್ಲ. ಡಾಕ್ಟರು ಇರುವ ಹಾಗೇ ತಗೊಳ್ಳಲೂ ತಯಾರಿದ್ದರು. ನಾನೇ, ‘ಇಲ್ಲ, ಸದ್ದು ನಿಲ್ಲಿಸಿಯೇ ಕೊಡ್ತೀನಿ’ ಅಂದುಬಿಟ್ಟೆ. ಯಾಕೆ ಅಂದೆನೋ ಗೊತ್ತಿಲ್ಲ ಮಗೂ. ಬೆಳಿಗ್ಗೆ ಎದ್ದರೆ ಮಾಡೋಕೊಂದು ಕೆಲಸ ಬೇಕಿತ್ತು ಅಂತ ಕಾಣುತ್ತೆ.

ಆ ಸದ್ದು ನಿನಗೂ ಗೊತ್ತು. ಸ್ವಲ್ಪ ವೇಗ ಹಿಡಿದ ಮೇಲೆ ಹಿಂದಿನಿಂದ ಗೊಂಯ್ ಅಂತ ಶುರುವಾಗಿ, ಮುಚ್ಚಳದೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಏರುತ್ತಾ ಹೋಗುತ್ತಿತ್ತಲ್ಲ. ನಮ್ಮ ಹುಡುಗ ಚಕ್ರದ ಬೇರಿಂಗು ಅನ್ನುತ್ತಿದ್ದ. ನಾನು ಟೈರು ಅನ್ನುತ್ತಿದ್ದೆ, ನನಗೆ ಕಾರಿನ ಬಗ್ಗೆ ಗೊತ್ತಿದ್ದದ್ದೇ ಟೈರು. ಸಂತೆಬೀದಿಯ ಹಿಂದಿನ ಗ್ಯಾರೇಜಿನ ಮೇಸ್ತ್ರಿಯನ್ನು ಕರೆದುಕೊಂಡು ಬಂದೆ. ಗಟ್ಟಿಮುಟ್ಟಾದ ಆಳು, ಎಡಗಿವಿ ಪೂರ್ತಿ ಕಿವುಡು, ಬಲಗಿವಿ ಅರ್ಧ. ಲಾರಿ ಇಂಜಿನ್ನುಗಳ ಪಕ್ಕ ನಿಂತೂ ನಿಂತೂ ಹಾಗಾಗಿದೆಯಂತೆ. ಸದ್ದು ಹುಡುಕೋಕೆ ಕಿವುಡರನ್ನ ಕರೆತಂದಿದ್ದೀರಲ್ಲ ಅಂತ ನಿನ್ನತ್ತೆ ನನ್ನನ್ನು ಅಡುಗೆಮನೆಗೆ ಕರೆದು ಬೈದಳು. ಮೇಸ್ತ್ರಿ ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಕಬ್ಬಿಣಕ್ಕೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ಕೂರುತ್ತಾರೆ. ಸದ್ದು ದವಡೆಯಿಂದ ತಲೆಗೆ ಹತ್ತುತ್ತದಂತೆ. ನಿಂತ ಕಾರಿಗಾದರೆ ಸರಿ. ಓಡುವ ಕಾರಿಗೆ ಆ ವಿದ್ಯೆ ನಡೆಯೋದಿಲ್ಲ, ನನಗೆ ಸದ್ದು ಕೇಳಿದರೂ ಎಲ್ಲಿಂದ ಬರುತ್ತೆ ಅಂತ ಹತ್ತೋದಿಲ್ಲ. ಹೀಗಿದ್ದಾಗ ಮೇಸ್ತ್ರಿ ಸೀದಾ ಅಡುಗೆಮನೆ ಬಾಗಿಲಿಗೆ ಹೋಗಿ, ‘ಅಮ್ಮಾ, ಒಂದು ಸುತ್ತು ಬಂದು ಕೇಳಿ ಹೇಳ್ತೀರಾ’ ಅಂದುಬಿಟ್ಟರು.

ಅವಳು ಇಲ್ಲ ಅನ್ನುತ್ತಾಳೆ ಅಂದುಕೊಂಡೆ. ನಿನ್ನತ್ತೆ ಎಷ್ಟೋ ತಿಂಗಳಿಂದ ತರಕಾರಿಗೂ ಹೊರಗೆ ಹೋದವಳಲ್ಲ, ನಿನಗೇ ಗೊತ್ತು. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು, ಒಲೆ ಆರಿಸಿ, ಹೋಗಿ ನೀನು ಕೂರುತ್ತಿದ್ದ ಸೀಟಿನಲ್ಲಿ ಕೂತಳು. ಕೂತಳು ಅಂದರೆ ಇಳಿದಳು, ಆ ಕಾರಿಗೆ ಯಾರಾದರೂ ಇಳಿಯಬೇಕೇ ಹೊರತು ಹತ್ತೋದಿಲ್ಲವಲ್ಲ. ಇಬ್ಬರೂ ಹೋದರು. ನಾನು ಗೇಟಿನಲ್ಲಿ ನಿಂತಿದ್ದೆ. ಬಂದವಳು ಮುಖದಲ್ಲಿ ಏನೂ ಇಲ್ಲದೆ, ಸಾಮಾನಿನ ಪಟ್ಟಿ ಒಪ್ಪಿಸುವ ಹಾಗೆ ಹೇಳಿದಳು: ‘ಕಾಲು ಒತ್ತಿದಾಗ ಕೂಗುತ್ತೆ. ಕಾಲು ತೆಗೆದ್ರೆ ಕೂಗು ನಿಂತು ಗೊರಗೊರ ಅನ್ನುತ್ತೆ. ತಿರುವಿನಲ್ಲಿ ಎಡಕ್ಕೆ ಹೋದ್ರೂ ಬಲಕ್ಕೆ ಹೋದ್ರೂ ಅಷ್ಟೇ. ನನ್ನ ಬೆನ್ನ ಹಿಂದೆ, ಮಧ್ಯದಲ್ಲಿ.’ ಮೇಸ್ತ್ರಿ ತೊಡೆ ತಟ್ಟಿಕೊಂಡರು. ತಿರುವಿನಲ್ಲಿ ಬದಲಾಗದಿದ್ದರೆ ಅದು ಚಕ್ರದ ಬೇರಿಂಗಲ್ಲವಂತೆ, ಟೈರಂತೂ ಅಲ್ಲವೇ ಅಲ್ಲ. ಅಪ್ಪ ಮಗ ಇಬ್ಬರೂ ಸೋತೆವು. ಹಿಂದಿನ ಎರಡು ಚಕ್ರದ ನಡುವೆ ಗಡಿಗೆಯ ಹಾಗೆ ಒಂದು ಉಬ್ಬು ಇರುತ್ತಲ್ಲ, ಡಿಫರೆನ್ಷಿಯಲ್ ಅನ್ನೋದು, ಅದರೊಳಗಿನ ಸದ್ದು. ಇಂಜಿನ್ನಿನ ಓಟ ಉದ್ದನೆ ಶಾಫ್ಟಿನಲ್ಲಿ ಬಂದು, ಒಂದು ಪುಟ್ಟ ಹಲ್ಲಿನ ಚಕ್ರದಿಂದ ಒಂದು ದೊಡ್ಡ ಹಲ್ಲಿನ ಚಕ್ರಕ್ಕೆ ದಾಟಿ, ಅಲ್ಲಿಂದ ಎರಡು ಕಡೆಗೆ ಹಂಚಿಹೋಗುವ ಜಾಗ. ಪುಟ್ಟದ್ದು ಪಿನಿಯನ್, ದೊಡ್ಡದು ಕ್ರೌನ್. ಎರಡರ ಹಲ್ಲು ಕೂಡುವ ರೀತಿ ಕೂದಲೆಳೆಯಷ್ಟು ತಪ್ಪಿದರೂ ಊಳಿಡುತ್ತದಂತೆ. ‘ಗಂಡ ಹೆಂಡ್ತಿ ಇದ್ದ ಹಾಗೆ ಯಜಮಾನ್ರೇ, ತೀರಾ ಅಂಟಿಕೊಂಡ್ರೂ ಕಷ್ಟ, ದೂರ ಆದ್ರೂ ಕಷ್ಟ’ ಅಂದರು ಮೇಸ್ತ್ರಿ. ನಿನ್ನತ್ತೆ, ‘ಇವರಿಗೆ ಹೆಂಡ್ತಿ ಇದಾಳಾ?’ ಅಂತ ನನ್ನನ್ನು ಕೇಳಿದಳು. ಇಲ್ಲ. ಮದುವೆಯೇ ಆಗಿಲ್ಲ.

ಕಾರನ್ನು ನಮ್ಮ ಷೆಡ್ಡಿನಲ್ಲೇ ಎತ್ತಿ ನಿಲ್ಲಿಸಿದೆವು. ಮೇಸ್ತ್ರಿ ಮಧ್ಯಾಹ್ನದ ಮೇಲೆ ಬರುತ್ತಿದ್ದರು. ಮೊದಲ ದಿನ ಗೇರ್ ಆಯಿಲ್ ಇಳಿಸಿದರು. ಕಾಫಿ ಡಿಕಾಕ್ಷನ್ನಿನ ಬಣ್ಣ, ಬೆರಳಿಗೆ ಹಚ್ಚಿಕೊಂಡು ಬೆಳಕಿಗೆ ಹಿಡಿದರೆ ಬೆಳ್ಳಿಯ ಪುಡಿ ಹಾಗೆ ಮಿನುಗು. ‘ಬೇರಿಂಗು ತಿಂದು ಹೋಗಿದೆ’ ಅಂದರು. ಆಮೇಲೆ ಶಾಫ್ಟು ಬಿಚ್ಚಿ ಪಿನಿಯನ್ನಿನ ಮೂತಿಗೆ ಟಾರ್ಚು ಬಿಟ್ಟರು. ನಾನು ಪಕ್ಕದಲ್ಲೇ ಗೋಣಿಚೀಲದ ಮೇಲೆ ಮಲಗಿದ್ದೆ. ಅಲ್ಲೊಂದು ದೊಡ್ಡ ನಟ್ಟು, ನಟ್ಟಿನ ಮೇಲೆ ಕೆಂಪು ಚುಕ್ಕೆ. ‘ಇದನ್ನ ಯಾರೋ ಬಿಚ್ಚಿ ಬಿಗಿದಿದಾರೆ’ ಅಂದರು ಮೇಸ್ತ್ರಿ. ‘ಎಣ್ಣೆ ಸೋರ್ತಿತ್ತು ಅಂತ ಸೀಲ್ ಬದಲಾಯಿಸಿದಾನೆ. ಸೀಲೇನೋ ಸರಿಯಾಗೇ ಕೂತಿದೆ. ಆದ್ರೆ ನಟ್ಟನ್ನ ಹೀಗೆ ಬಿಗೀತಾರಾ? ಇದಕ್ಕೆ ಲೆಕ್ಕ ಇರುತ್ತೆ. ಬೇರಿಂಗಿನ ಕತ್ತು ಹಿಸುಕಿಬಿಟ್ಟಿದಾನೆ. ಪಿನಿಯನ್ನೂ ಜಾಗ ಬಿಟ್ಟಿದೆ. ಯಾವ ಗ್ಯಾರೇಜಿನ ಕತ್ತೆ ಮಾಡಿದ್ದು ಇದು?’

‘ನನ್ನ ಮಗ’ ಅಂದೆ.

ಅವರಿಗೆ ಕೇಳಿಸಲಿಲ್ಲ, ನಾನು ಅವರ ಎಡಗಡೆ ಮಲಗಿದ್ದೆ. ಏನಂದ್ರಿ ಅಂತ ತಿರುಗಿದರು. ಎರಡನೇ ಸಲ ಹೇಳಬೇಕಾಯಿತು. ಮಗೂ, ಎರಡನೇ ಸಲ ಹೇಳುವಾಗಲೂ ನನಗೆ ಏನೂ ಆಗಲಿಲ್ಲ. ಮನೆ ನಂಬರು ಹೇಳಿದ ಹಾಗಿತ್ತು. ಅವರು ಟಾರ್ಚು ಆರಿಸಿದರು. ಕತ್ತಲಲ್ಲಿ ಇಬ್ಬರೂ ಕಾರಿನ ಹೊಟ್ಟೆ ನೋಡುತ್ತಾ ಮಲಗಿದೆವು. ‘ಕೈ ಗಟ್ಟಿ ಇತ್ತು’ ಅಂದರು.

ಆ ಕೆಂಪು ಚುಕ್ಕೆ ನಿನ್ನ ಉಗುರಿನ ಬಣ್ಣ. ಬಿಗಿದ ಗುರುತಿಗೆ ಅಂತ ಅವನು ನಿನ್ನ ಮೇಜಿನಿಂದ ಶೀಷೆ ಎತ್ತಿಕೊಂಡು ಹೋದ, ನೀನು ಬೈದೆ, ಆಮೇಲೆ ನೀನೇ ಹೋಗಿ ಟಾರ್ಚು ಹಿಡಿದೆ. ಉದ್ದನೆ ಪೈಪು ಸಿಕ್ಕಿಸಿ ತೂಗುತ್ತಾ ಅವನು ‘ಇನ್ನೊಂದು ಚೂರು, ಇನ್ನೊಂದು ಚೂರು’ ಅನ್ನುತ್ತಿದ್ದದ್ದು ನನಗೆ ಒಳಗೆ ಪೇಪರು ಓದುತ್ತಾ ಕೇಳಿಸಿತ್ತು. ಸಡಿಲವಾಗಿ ಬಿಟ್ಟರೆ ನೀನು ಕೂತ ಕಾರು ದಾರಿಯಲ್ಲಿ ಬಿಚ್ಚಿಹೋದೀತು ಅನ್ನೋ ಭಯ ಅವನಿಗೆ. ಹೀಗಂತ ಊಟಕ್ಕೆ ಕೂತಾಗ ನಿನ್ನತ್ತೆಗೆ ಹೇಳಿದ್ದನಂತೆ. ಅವಳು ಈಗ ನೆನಪು ಮಾಡಿಕೊಂಡು ಹೇಳಿದಳು. ಅವನು ತಪ್ಪು ಮಾಡಿದ, ನಿಜ. ತಪ್ಪಿಗೆ ಕಾರಣ ಇದು. ನಿನಗೆ ತಿಳಿದಿರಲಿ ಅಂತ ಬರೆದೆ.

ಮಾರನೆಯ ದಿನ ಮೇಸ್ತ್ರಿ ನಟ್ಟು ಬಿಚ್ಚುವ ಪಾನದ ಹಿಡಿಯನ್ನು ನನ್ನ ಕೈಗೆ ಕೊಟ್ಟು, ‘ನೀವೇ ಬಿಚ್ಚಿ, ನಾನು ಟೀ ಕುಡಿದು ಬರ್ತೀನಿ’ ಅಂತ ಬೀದಿಗೆ ಹೋದರು. ಟೀ ಷೆಡ್ಡಿನಲ್ಲೇ ಇತ್ತು, ನಿನ್ನತ್ತೆ ಆಗಷ್ಟೇ ತಂದಿಟ್ಟಿದ್ದಳು. ಅವಳೂ ಹೋಗಲಿಲ್ಲ, ಹಳೇ ಟೈರಿನ ಮೇಲೆ ಕೂತಳು. ನಾನು ಕೆಳಗೆ ನುಸುಳಿ ಪಾನ ಕೂರಿಸಿ, ಅದರ ಹಿಡಿಗೆ ಅವನ ಹಾಗೇ ಉದ್ದನೆ ಪೈಪು ಸಿಕ್ಕಿಸಿದೆ. ನಮ್ಮ ಹುಡುಗ ಕೊನೆಯದಾಗಿ ಬಿಗಿದ ಇನ್ನೇನು ಈ ಮನೆಯಲ್ಲಿದೆ ಅಂತ ಯೋಚಿಸಿದೆ. ನಲ್ಲಿಯ ವಾಷರು ನಾನೇ ಬದಲಾಯಿಸಿಬಿಟ್ಟಿದ್ದೀನಿ. ಉಪ್ಪಿನಕಾಯಿ ಜಾಡಿಯ ಮುಚ್ಚಳ ಎಷ್ಟೋ ಸಲ ತೆಗೆದು ಹಾಕಿಯಾಗಿದೆ. ಇದೊಂದೇ. ನನ್ನ ತೂಕ ಹಾಕಿ ಎಳೆದರೂ ಅಲ್ಲಾಡಲಿಲ್ಲ. ‘ಬರ್ತಿಲ್ಲ ಕಣೇ’ ಅಂದೆ. ‘ಅವನು ಬಿಗಿದಿದ್ದು ಬರುತ್ತಾ ಸುಲಭಕ್ಕೆ’ ಅಂದಳು ನಿನ್ನತ್ತೆ. ಆಮೇಲೆ ಎದ್ದು ಬಂದು, ಮಂಡಿ ಊರಿ, ಪೈಪಿನ ಈಚೆ ತುದಿ ಹಿಡಿದಳು. ಇಬ್ಬರೂ ಒಟ್ಟಿಗೆ ತೂಗಿದೆವು. ಟಪ್ ಅಂತ ಒಂದು ಸದ್ದು, ಅಷ್ಟೇ, ಬಿಟ್ಟುಕೊಂಡಿತು. ಮಿಕ್ಕದ್ದು ಬೆರಳಲ್ಲೇ ತಿರುಗಿತು. ಏನಾದರೂ ಆಗುತ್ತೆ ಅಂತ ನಾನು ಕಾದೆ. ಏನೂ ಆಗಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ಕೆನ್ನೆ ಹೇಗಿರುತ್ತೆ ಹೇಳು, ಮುಟ್ಟಿದ್ದು ಗೊತ್ತಾಗುತ್ತೆ, ನೋವು ಗೊತ್ತಾಗಲ್ಲ. ವರ್ಷದಿಂದ ನಾನು ಹಾಗೇ ಇದ್ದೀನಿ. ನಿನ್ನತ್ತೆ ನಟ್ಟು ಕೇಳಿ ತಗೊಂಡು, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಅಡುಗೆಮನೆ ಕಿಟಕಿಯಲ್ಲಿ ಬೆಂಕಿಪೊಟ್ಟಣದ ಪಕ್ಕ ಇಟ್ಟಳು. ಹಾಕುವುದಕ್ಕೆ ಹೇಗಿದ್ದರೂ ಹೊಸ ನಟ್ಟೇ ಬೇಕಿತ್ತು.

ಬೇರಿಂಗುಗಳು ಬೇರೆ ಊರಿನಿಂದ ಬರಬೇಕಾಗಿ ಕೆಲಸ ನಿಂತಿತು. ಬಂದ ಮೇಲೆ ಶುರುವಾದದ್ದು ನಾಜೂಕಿನ ಕೆಲಸ. ಪಿನಿಯನ್ನಿನ ಹಿಂದೆ ತೆಳ್ಳನೆ ಉಕ್ಕಿನ ಬಿಲ್ಲೆ ಕೂರಿಸಬೇಕು, ಅದನ್ನು ಶಿಮ್ ಅನ್ನುತ್ತಾರೆ. ಬಿಲ್ಲೆ ದಪ್ಪವಾದರೆ ಪಿನಿಯನ್ ಮುಂದೆ ಬರುತ್ತೆ, ತೆಳುವಾದರೆ ಹಿಂದೆ ಸರಿಯುತ್ತೆ. ಸರಿಯಾಗಿದೆಯಾ ಅಂತ ನೋಡೋಕೆ ಕ್ರೌನಿನ ಹಲ್ಲಿಗೆ ಹಳದಿ ಬಣ್ಣ ಬಳಿದು, ಕೈಯಲ್ಲಿ ತಿರುಗಿಸಿ, ಎದುರು ಹಲ್ಲು ಎಲ್ಲಿ ಒರೆಸಿದೆ ಅಂತ ಗುರುತು ನೋಡುತ್ತಾರೆ. ಮೇಸ್ತ್ರಿ ಇಷ್ಟು ಹೇಳುತ್ತಿದ್ದ ಹಾಗೇ ನನಗೆ ನಗು ಬಂತು, ಇದು ಪ್ರೂಫ್ ತೆಗೆಯೋದಲ್ಲವಾ! ಮೊಳೆ ತಗ್ಗಿದ್ದರೆ ಕೆಳಗೆ ತೆಳು ಕಾಗದ ಕೊಟ್ಟು ಎತ್ತುತ್ತಿದ್ದೆವು, ಮಸಿ ಬಳಿದು ಒತ್ತಿ ನೋಡುತ್ತಿದ್ದೆವು. ಮೊದಲ ಸಲ ಗುರುತು ಹಲ್ಲಿನ ತುದಿಯಲ್ಲಿ ಬಿತ್ತು. ಸ್ವಲ್ಪ ದಪ್ಪನೆ ಬಿಲ್ಲೆ ಹಾಕಿದರೆ ಬುಡಕ್ಕಿಳಿಯಿತು. ಬಿಚ್ಚು, ತೆಗೆ, ಹಾಕು, ಬಣ್ಣ ಬಳಿ. ಮೇಸ್ತ್ರಿಗೆ ಬೇಸರವಿಲ್ಲ, ನನಗೂ ಇಲ್ಲ. ಆ ದಿನಗಳಲ್ಲಿ ಊಟ ಮಾಡಿದರೆ ರುಚಿ ಗೊತ್ತಾಗುತ್ತಿತ್ತು. ಕೊನೆಗೆ ಒಂದು ಸಂಜೆ ಗುರುತು ಹಲ್ಲಿನ ನಟ್ಟನಡುವೆ, ಗೋಧಿಕಾಳಿನ ಆಕಾರದಲ್ಲಿ, ಒಂದೂ ಬಿಡದೆ ಎಲ್ಲ ಹಲ್ಲಿನ ಮೇಲೂ ಮೂಡಿತು. ನಿನ್ನತ್ತೆಯನ್ನು ಕರೆದು ತೋರಿಸಿದೆ. ‘ಅಚ್ಚಿಗೆ ಕೊಡಬಹುದು’ ಅಂದಳು. ಮೂವತ್ತು ವರ್ಷ ನನ್ನ ಬಾಯಲ್ಲಿ ಕೇಳಿದ ಮಾತು ಅದು.

ಎಲ್ಲ ಜೋಡಿಸಿ, ಹೊಸ ಎಣ್ಣೆ ತುಂಬಿ, ಹೊಸ ನಟ್ಟನ್ನು ಲೆಕ್ಕಕ್ಕೆ ಸರಿಯಾಗಿ ಬಿಗಿದು, ನಾನೇ ಓಡಿಸಿದೆ. ಮೇಸ್ತ್ರಿ ಪಕ್ಕದಲ್ಲಿ. ಊರಾಚೆ ನೇರ ರಸ್ತೆಗೆ ಹೋಗಿ ಕಾಲು ಒತ್ತಿದೆ. ಗಾಳಿಯ ಸದ್ದು, ಟೈರಿನ ಸದ್ದು. ಇನ್ನೂ ಒತ್ತಿದೆ. ಅಷ್ಟೇ. ಹಿಂದುಗಡೆ ಏನೂ ಇಲ್ಲ. ಮೇಸ್ತ್ರಿಗೆ ಕೇಳಿಸೋದಿಲ್ಲವಲ್ಲ, ಅಂಗೈಯನ್ನು ಬೆನ್ನ ಹಿಂದಿನ ತಗಡಿಗೆ ಒತ್ತಿ ಕೂತಿದ್ದರು. ‘ಇಲ್ಲ ಅಲ್ವಾ?’ ಅಂದರು. ‘ಇಲ್ಲ’ ಅಂದೆ. ‘ಖುಷಿ ಆಯ್ತಾ ಯಜಮಾನ್ರೇ?’ ಅಂದರು. ಆಯ್ತು ಅಂದೆ. ಆಗಬೇಕಾದ ಹೊತ್ತು ಅದು ಅಂತ ಗೊತ್ತಿತ್ತು, ಅದಕ್ಕೆ ಅಂದೆ. ಅವರನ್ನು ಗ್ಯಾರೇಜಿಗೆ ಬಿಟ್ಟು ಮನೆಗೆ ಬಂದೆ. ಕಾರು ನಿಲ್ಲಿಸಿ ಅಡುಗೆಮನೆಗೆ ಹೋದರೆ ನಿನ್ನತ್ತೆ ಬೆನ್ನು ಹಾಕಿಕೊಂಡು ಹುರುಳಿಕಾಯಿ ಹೆಚ್ಚುತ್ತಿದ್ದಳು. ‘ಬಂದೆ’ ಅಂದದ್ದಕ್ಕೆ ಬೆಚ್ಚಿಬಿದ್ದಳು. ‘ಯಾವಾಗ ಬಂದ್ರಿ? ಕೇಳಿಸ್ಲೇ ಇಲ್ಲ.’ ಅವನಿದ್ದಾಗ ಬೀದಿ ಕೊನೆಯಲ್ಲಿ ಗೊಂಯ್ ಅನ್ನುತ್ತಿದ್ದ ಹಾಗೇ ಒಲೆ ಹಚ್ಚುತ್ತಿದ್ದಳಲ್ಲ. ಅದು ನಮ್ಮಿಬ್ಬರಿಗೂ ಒಟ್ಟಿಗೆ ನೆನಪಾಯಿತು ಅಂತ ಕಾಣುತ್ತೆ. ‘ಇನ್ನೊಂದು ಸಲ ಬರೋವಾಗ ಹಾರ್ನ್ ಹೊಡೀರಿ’ ಅಂದಳು, ಮತ್ತೆ ಕಾಯಿ ಹೆಚ್ಚಿದಳು.

ಇನ್ನೊಂದು ಸಲ ಬರಲಿಲ್ಲ. ಡಾಕ್ಟರು ಮೊನ್ನೆ ಬಂದು ತಗೊಂಡು ಹೋದರು. ಹೋಗುವ ಮುಂಚೆ ಸುತ್ತು ಹೊಡೆದು ಬಂದು, ‘ಯಾರು ಮಾಡಿದ್ದು ಸಾರ್ ಇಷ್ಟು ಚೆನ್ನಾಗಿ?’ ಅಂತ ಕೇಳಿದರು. ನಾನು ಬಾಯಿ ತೆಗೆಯುವುದರೊಳಗೆ ನಿನ್ನತ್ತೆ, ‘ನಮ್ಮ ಮಗ ಕಾರು ಮಾಡಿದ. ಒಂದು ನಟ್ಟು ಮಾತ್ರ ನಾವು ಮಾಡಿದ್ವಿ’ ಅಂದಳು. ಕಾರು ಗೇಟು ದಾಟಿ, ತಿರುಗಿ, ಹೋಯಿತು. ಯಾವ ಸದ್ದೂ ಮಾಡದೆ ಹೋಯಿತು. ಅವಳು ಷೆಡ್ಡಿಗೆ ಹೋಗಿ ಎಣ್ಣೆ ಬಿದ್ದ ಜಾಗಕ್ಕೆ ಮರಳು ಹಾಕಿ ಗುಡಿಸಿದಳು. ಅಲ್ಲಿ ನೀರಿನ ಡ್ರಮ್ಮು ಇಡೋಣ ಅನ್ನುತ್ತಿದ್ದಾಳೆ. ಇಡೋಣ ಅಂದಿದ್ದೀನಿ. ಜಾಗ ಸಾಕಷ್ಟಿದೆ.

ಹೊತ್ತುಹೊತ್ತಿಗೆ ಊಟ ಮಾಡು. ಕೆಲಸದಲ್ಲಿ ಯಾರು ಏನಂದರೂ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡು. ನಿಮ್ಮಣ್ಣ ಅತ್ತಿಗೆಗೆ ನಮ್ಮ ನೆನಪು ಹೇಳು, ಮಕ್ಕಳ ಕೆನ್ನೆ ಹಿಂಡು. ನಿನಗೆ ಒಳ್ಳೆಯದಾಗಲಿ ಅಂತ ನಾವಿಬ್ಬರೂ, ಹೇಳಿದರೂ ಹೇಳದಿದ್ದರೂ, ದಿನಾ ಅಂದುಕೊಳ್ಳುತ್ತೀವಿ.

ಇತಿ ನಿನ್ನ
ಮಾವ

ಮರೆತಿದ್ದೆ: ಮರೆತಿರಲಿಲ್ಲ, ಸುಳ್ಳೇಕೆ. ಹೋದ ವಾರ ನಿಮ್ಮಣ್ಣ ಕೆಲಸದ ಮೇಲೆ ಈ ಕಡೆ ಬಂದವರು ಮನೆಗೂ ಬಂದಿದ್ದರು. ಕೂತು, ಎದ್ದು, ಮತ್ತೆ ಕೂತು, ಕೊನೆಗೆ ಹೇಳಿದರು. ನಿನ್ನನ್ನು ಕೇಳಿಕೊಂಡು ಒಬ್ಬರು ಬಂದಿದ್ದಾರಂತೆ, ಲೈಬ್ರರಿಯಲ್ಲಿ ಕೆಲಸವಂತೆ, ನಿಧಾನದ ಮನುಷ್ಯರಂತೆ, ನೀನೂ ಬೇಡ ಅಂದಿಲ್ಲವಂತೆ. ಆದರೆ ‘ಅತ್ತೆ ಮಾವನ ಮುಖ ಹೇಗೆ ನೋಡಲಿ’ ಅಂತ ಒಂದೇ ಮಾತು ಹಿಡಿದು ಕೂತಿದ್ದೀಯಂತೆ. ಮಗೂ, ಹೂಂ ಅನ್ನು. ನಾವಿಬ್ಬರೂ ಮಾತಾಡಿಕೊಂಡಿದ್ದೀವಿ, ಮೊದಲು ಹೇಳಿದ್ದು ನಾನಲ್ಲ, ಅವಳು. ಮದುವೆಗೆ ಬರುತ್ತೀವಿ, ಮೆಟ್ಟಿಲಿದ್ದರೂ ಬರುತ್ತೀವಿ. ಅವಳದು ಒಂದೇ ಷರತ್ತು, ಪಕ್ಕದಲ್ಲಿ ನಿಂತು ಬರೆಸುತ್ತಿದ್ದಾಳೆ: ಆ ಮನೆಯಲ್ಲಿ ನಿನಗೆ ಬೇರೆ ಅತ್ತೆ ಮಾವ ಇರುತ್ತಾರಲ್ಲ, ಆಗ ನಮ್ಮನ್ನು ಏನಂತ ಕರೆಯೋದು ಅಂತ ನೀನು ಒದ್ದಾಡಬಾರದು, ದೊಡ್ಡತ್ತೆ ದೊಡ್ಡಮಾವ ಅಂದರೆ ಸಾಕು, ಕರೆಯೋದು ಮಾತ್ರ ಬಿಡಬೇಡ.